ಮೂವತ್ತೊಂದನೆಯ ಕೂಗು

ಬಂದವರೆಲ್ಲ ಹೊರಟುಹೋದ ಮರುದಿನ ಬೆಳಿಗ್ಗೆ ಅತ್ತೆ ಚಹಾದ ಪಾತ್ರೆ ಇಳಿಸಿ, ಒಲೆಯ ಗುಂಡಿ ತಿರುಗಿಸಿ, ಅದರತ್ತ ತೋರುಬೆರಳು ಚಾಚಿ, "ಗ್ಯಾಸ್ ಆಫ್, ಸರಿ" ಎಂದರು.

ಬೆರಳು ಹಾಗೇ ನಿಂತಿತು. ನಾನು ಲೋಟ ತೊಳೆಯುತ್ತಿದ್ದೆ. ಅತ್ತೆ ಬೆರಳನ್ನು ಮಡಚಿ ಮುಷ್ಟಿಯೊಳಗೆ ಸೇರಿಸಿಕೊಂಡರು.

"ನಲ್ಲಿ ನಿಲ್ಲಿಸು. ನೀರು ಸುಮ್ಮನೆ ಹೋಗ್ತಿದೆ," ಎಂದರು.

ಅತ್ತೆಗೆ ಆ ಅಭ್ಯಾಸ ಹಿಡಿಸಿದವರು ನನ್ನ ಗಂಡ. ಅವರಿಗೆ ಕಲಿಸಿದ್ದು ಹೊಸ ರೈಲಿನ ಚಾಲಕರ ಶಾಲೆ. ಸಮುದ್ರದಾಚೆಯ ದೇಶವೊಂದು ಸಾಲ ಕೊಟ್ಟು, ಹಳಿ ಕೊಟ್ಟು, ಬೋಗಿ ಕೊಟ್ಟು, ನಮ್ಮ ಊರಿನಿಂದ ಬಂದರಿನ ತನಕ ಪ್ರಯಾಣಿಕರ ರೈಲು ಹಾಕಿಸುತ್ತಿತ್ತು. ಜೊತೆಗೆ ತನ್ನ ಚಾಲಕರ ಪದ್ಧತಿಯನ್ನೂ ಕಳಿಸಿತ್ತು. ಅಲ್ಲಿಯ ಚಾಲಕ ಸಿಗ್ನಲನ್ನು ಬರೀ ನೋಡಿ ಸುಮ್ಮನಾಗುವುದಿಲ್ಲ. ಬೆರಳು ಮಾಡಿ ತೋರಿಸಿ, ಕಂಡದ್ದನ್ನು ಬಾಯಿಬಿಟ್ಟು ಹೇಳುತ್ತಾನೆ. ಕಣ್ಣೊಂದೇ ಆದರೆ ಮೋಸಹೋಗಬಹುದು. ಕಣ್ಣು, ಕೈ, ಬಾಯಿ, ಕಿವಿ ನಾಲ್ಕೂ ಒಟ್ಟಿಗೆ ಮೋಸಹೋಗುವುದು ಕಡಿಮೆ. ಪ್ರತಿ ಕೆಲಸಕ್ಕೂ ಗೊತ್ತುಮಾಡಿದ ಒಂದು ಕೂಗು. ಒಟ್ಟು ಮೂವತ್ತೊಂದು.

ಗಂಡ ಶಾಲೆಗೆ ಸೇರಿದ ವಾರದಲ್ಲೇ ಮನೆಯೂ ಶಾಲೆಯಾಯಿತು. ಚಿಲಕ ಹಾಕಿದೆ, ಸರಿ. ದೀಪ ಆರಿದೆ, ಸರಿ. ನಾದಿನಿಯನ್ನು ಮನೆಯಲ್ಲಿ ಎಲ್ಲರೂ ಚೂಟಿ ಎನ್ನುತ್ತಾರೆ. ಔಷಧಿ ಅಂಗಡಿಯಲ್ಲಿ ಕೆಲಸ. ಹೊರಡುವ ಮುಂಚೆ ಅವಳು ಕನ್ನಡಿಯತ್ತ ಬೆರಳು ಮಾಡಿ, "ಚೆಲುವೆ, ಸರಿ" ಎಂದೇ ಮೆಟ್ಟು ಮೆಟ್ಟುತ್ತಿದ್ದಳು. ಸೇರದೆ ಉಳಿದವರು ಮಾವ ಒಬ್ಬರೇ. ಹಳೆಯ ಲೈನಿನಲ್ಲಿ ಮೂವತ್ತನಾಲ್ಕು ವರ್ಷ ಎಂಜಿನ್ ಓಡಿಸಿದವರು. ತಾವು ಗಾಡಿ ನಿಲ್ಲಿಸಿದಾಗ ಪ್ರಯಾಣಿಕನ ಲೋಟದ ಚಹಾ ತುಳುಕಿದ್ದೇ ಇಲ್ಲ ಎಂಬುದು ಅವರ ಜಂಬ. "ಬೊಂಬೆಯಾಟ ಆಡೋ ವಯಸ್ಸಲ್ಲ ನಂದು," ಎನ್ನುತ್ತಿದ್ದರು.

ಗಂಡನಿಗೆ ಮೂರು ದಿನ ಜ್ವರ ಬಂತು. ನಾಲ್ಕನೆಯ ದಿನ ಅವರು ಇರಲಿಲ್ಲ. ಅದರ ಬಗ್ಗೆ ನನಗೆ ಬರೆಯಲು ಇಷ್ಟೇ ಇದೆ.

ಚಹಾ ತೆಗೆದುಕೊಂಡು ಹೋದಾಗ ಮಾವ ಊಟದ ಮೇಜಿನಲ್ಲಿ ಗಂಡನ ಜಾಗದಲ್ಲಿ ಕೂತಿದ್ದರು. ಮೇಜಿನ ಆ ಅಂಚಿಗೆ ಕಬ್ಬಿಣದ ಪಟ್ಟಿ ಹಾಕಿ ಬಿಗಿದ ಒಂದು ಹ್ಯಾಂಡಲ್ ಇದೆ. ರೈಲಿನ ಚಾಲಕನ ಮುಂದೆ ಇರುವಂಥದ್ದು. ಆ ದೇಶದಲ್ಲಿ ಗುಜರಿಗೆ ಹೋಗಬೇಕಿದ್ದ ಬೋಗಿಯಿಂದ ಬಿಚ್ಚಿ ತಂದದ್ದು. ಎಳೆದರೆ ಓಟ, ಆಚೆ ದೂಡಿದರೆ ತಡೆ. ತಡೆಗೆ ಎಂಟು ಕಚ್ಚು. ಚಾಲಕನ ಕಣ್ಣು ಹಳಿಯ ಮೇಲಿರಬೇಕಾದ್ದರಿಂದ ಎಷ್ಟನೆಯ ಕಚ್ಚು ಎಂಬುದು ಅಂಗೈಗೇ ತಿಳಿಯಬೇಕು. ಗಂಡ ಅದನ್ನು ಅಭ್ಯಾಸಕ್ಕೆಂದು ಎರಡು ವಾರದ ಮಟ್ಟಿಗೆ ಮೇಷ್ಟ್ರಿಂದ ಕೇಳಿ ತಂದಿದ್ದರು. ಮೇಷ್ಟ್ರು ಎಂದರೆ ಆ ದೇಶದಿಂದ ಬಂದ ವಯಸ್ಸಾದ ಚಾಲಕ, ಶಾಲೆಯ ಗುರು. ಎರಡು ವಾರ ಎರಡು ತಿಂಗಳಾಯಿತು. ಬಲಗೈಯಲ್ಲಿ ಊಟ, ಎಡಗೈಯಲ್ಲಿ ಹ್ಯಾಂಡಲ್. ಟಕ್, ಟಕ್, ಟಕ್.

ಈಗ ಮಾವನ ಎಡಗೈ ಅದರ ಮೇಲಿತ್ತು. ಅಲುಗಿಸುತ್ತಿರಲಿಲ್ಲ.

"ಚಹಾ, ಮಾವ."

"ಅಲ್ಲಿಡು."

"ಆರಿಹೋಗುತ್ತೆ."

"ಆರಲಿ."

ಆ ಮೂವತ್ತೊಂದು ಕೂಗುಗಳನ್ನು ನಮ್ಮ ಭಾಷೆಗೆ ತಂದದ್ದು ನಾನು. ವಿಶ್ವವಿದ್ಯಾಲಯದಲ್ಲಿ ಎರಡು ಪದವಿ ಪಡೆದಿದ್ದೇನೆ. ಶಾಲೆಯ ಕಚೇರಿ ಕೈಪಿಡಿಯ ಅನುವಾದವನ್ನು ನನಗೆ ಕೊಟ್ಟಿತ್ತು. ಸಿಗ್ನಲ್ ಹಸಿರಿದ್ದಾಗ ಚಾಲಕ ಹೇಳಬೇಕಾದ್ದನ್ನು ನಾನು ಹೀಗೆ ಬರೆದೆ: "ಮುಂದಿನ ಸಂಕೇತದೀಪವು ಹಸಿರು ವರ್ಣವನ್ನು ಸೂಚಿಸುತ್ತಿದ್ದು, ಮುಂದುವರಿಯಲು ಅನುಮತಿ ಇರುತ್ತದೆ."

ಊಟ ಮಾಡುತ್ತ ಗಂಡ ಅದನ್ನು ಗಟ್ಟಿಯಾಗಿ ಓದಿದರು. ಮಾವ ತುತ್ತನ್ನು ಕೈಯಲ್ಲೇ ಹಿಡಿದು ಕೇಳಿದರು.

"ಇನ್ನೊಂದ್ಸಲ ಓದು."

ಗಂಡ ಓದಿದರು.

"ನೀನು 'ಅನುಮತಿ' ಅನ್ನೋ ಹೊತ್ತಿಗೆ ಗಾಡಿ ಬಂದರು ದಾಟಿ ಸಮುದ್ರದಲ್ಲಿರುತ್ತೆ," ಎಂದರು ಮಾವ.

ಅತ್ತೆಗೆ ನಗು ತಡೆಯದೆ ನೆತ್ತಿಗೆ ಹತ್ತಿತು. ಚೂಟಿ ಅವರ ಬೆನ್ನು ತಟ್ಟುತ್ತ ತಾನೂ ನಕ್ಕಳು. ನಾನೂ ನಕ್ಕೆ.

"ಹಾಗಾದ್ರೆ ನೀವೇನು ಅಂತಿದ್ರಿ, ಅಪ್ಪ?" ಗಂಡ ಕೇಳಿದರು.

"ನಾವೇನು ಅನ್ನೋದು? ನಾನು 'ದಾರಿ?' ಅಂತಿದ್ದೆ. ಪಕ್ಕದ ಸಹಾಯಕ ಕತ್ತು ಹೊರಗೆ ಹಾಕಿ 'ದಾರಿ ಇದೆ' ಅಂತಿದ್ದ. ಮುಗೀತು."

"ಅಂದ್ರೆ ನೀವೂ ಕೂಗ್ತಿದ್ರಿ."

"ಕೂಗೋದು ಬೇರೆ, ಕುಣಿಯೋದು ಬೇರೆ. ನಾವು ಬೆರಳು ಆಡಿಸ್ತಿರ್ಲಿಲ್ಲ."

ನಾನು ಎಂಜಲು ಕೈ ಒರೆಸಿಕೊಂಡು ಪೆನ್ಸಿಲ್ ತಂದೆ. 'ದಾರಿ ಇದೆ' ಎಂದು ಬರೆದುಕೊಂಡೆ.

ಆಮೇಲೆ ದಿನಾ ಊಟಕ್ಕೆ ಎರಡು ಮೂರು ಕೂಗು. ಗಂಡ ನನ್ನ ಉದ್ದದ ಸಾಲು ಓದುವುದು, ಮಾವ ಅದನ್ನು ಹಾಸ್ಯ ಮಾಡುವುದು, ಮಾಡುತ್ತ ಮಾಡುತ್ತ ಹಳೆಯ ಮಾತು ಬಾಯಿಬಿಡುವುದು. 'ಮೆಲ್ಲಗೆ ನಲವತ್ತು.' 'ಬಾಗಿಲು ಬಿತ್ತು.' ನಿಲ್ದಾಣದಲ್ಲಿ ಗಾಡಿ ನಿಂತರೆ ಬರೀ 'ನಿಂತೆ.' ಮೇಷ್ಟ್ರು ಒಂದೊಂದನ್ನೂ ಗಡಿಯಾರ ಹಿಡಿದು ಅಳೆದು, "ಒಂದು ಉಸಿರಿಗೆ ಒಂದು ಮಾತು. ಇದು ಚಾಲಕನ ಭಾಷೆ. ಯಾರು ಬರೆದದ್ದು?" ಎಂದು ಕೇಳಿದರಂತೆ. "ನನ್ನ ತಂದೆ, ಊಟ ಮಾಡುವಾಗ," ಎಂದು ಗಂಡ ಹೇಳಿದರಂತೆ. ಅದನ್ನು ಮನೆಯಲ್ಲಿ ಹೇಳಿದಾಗ ಮಾವ, "ಉಪ್ಪು ಈ ಕಡೆ ಸರಿಸು," ಎಂದರು. ಎರಡನೆಯ ಸಲ ಅನ್ನ ಹಾಕಿಸಿಕೊಂಡರು.

ಕೊನೆಯದೊಂದು ಉಳಿಯಿತು. ಪಾಳಿ ಮುಗಿಸಿ ಇಳಿದ ಚಾಲಕ, ಹತ್ತುವ ಚಾಲಕನಿಗೆ ಗಾಡಿ ಒಪ್ಪಿಸುವಾಗ ಹೇಳುವ ಮಾತು. ನನ್ನ ಅನುವಾದದಲ್ಲಿ ಅದು ಒಂದೂವರೆ ಸಾಲು.

"ಇದಕ್ಕೆ ಏನಂತಿದ್ರಿ, ಅಪ್ಪ?"

"ಏನೋ ಅಂತಿದ್ವಿ."

"ಏನು?"

"ಅದು ನಿಮ್ಮ ಗಾಡಿಗೆ ಬೇಡ. ಮೂವತ್ತು ಕೊಟ್ಟಿದ್ದೀನಿ, ಸಾಲದಾ? ಹಳೇ ಲೈನು ಕಿತ್ತು ಹಾಕಿದ್ರಿ. ಮಾತಾದ್ರೂ ಒಂದು ನನ್ನ ಹತ್ರ ಇರ್ಲಿ."

ಗಂಡ ಬಿಡಲಿಲ್ಲ. ಮೂರು ಸಂಜೆ ಕೇಳಿದರು. ಮೂರನೆಯ ಸಂಜೆ ಮಾವ ತಟ್ಟೆ ಬಿಟ್ಟು ಎದ್ದರು. ಅದರ ಮರುದಿನ ಜ್ವರ ಬಂತು.

ಎರಡನೆಯ ವಾರ ಶಾಲೆಯಿಂದ ಪತ್ರ ಬಂತು. ಮೊದಲ ಪುಟ ಸಂತಾಪ. ಎರಡನೆಯ ಪುಟದಲ್ಲಿ ಗಂಡನ ಹೆಸರಿನಲ್ಲಿದ್ದ ಸಾಮಾನಿನ ಪಟ್ಟಿ: ಸಮವಸ್ತ್ರ ಎರಡು ಜೊತೆ, ಬೂಟು ಒಂದು ಜೊತೆ, ಬಿಳಿ ಕೈಗವಸು ನಾಲ್ಕು ಜೊತೆ, ಕೈಪಿಡಿ ಒಂದು, ಅಭ್ಯಾಸದ ಹ್ಯಾಂಡಲ್ ಒಂದು. ಇವೆಲ್ಲ ವಾಪಸು ಬಂದ ಮೇಲೆ ಹೆಸರು ತೆಗೆಯುತ್ತಾರೆ. ತೆರವಾದ ಸ್ಥಾನ ಕಾಯುವ ಪಟ್ಟಿಯಲ್ಲಿ ಮೊದಲು ಇರುವವರಿಗೆ ಹೋಗುತ್ತದೆ. ಹೊಸ ತಂಡ ಬರುವ ಒಂದನೆಯ ತಾರೀಖಿಗೆ ಶುರು. ಅದಾದರೆ ಇನ್ನೊಂದು ತಂಡ ಎರಡು ವರ್ಷದ ಮೇಲೆ.

ಸಂಜೆ ಊಟಕ್ಕೆ ಕೂತಾಗ ಮಾವ ಓದು ಎಂದರು. ನಾನು ಓದಿದೆ. ಚೂಟಿ ತಟ್ಟೆ ನೋಡುತ್ತಿದ್ದಳು.

"ಪಟ್ಟಿಲಿ ಮೊದಲು ಯಾರು?"

ಅತ್ತೆ ಸೌಟು ಕೈಗೆತ್ತಿಕೊಂಡರು.

"ಯಾರು ಅಂದೆ."

"ನಾನು," ಎಂದಳು ಚೂಟಿ.

ಅಣ್ಣ ತಂಗಿ ಇಬ್ಬರೂ ಒಂದೇ ದಿನ ಅರ್ಜಿ ಹಾಕಿದ್ದು ಮಾವನಿಗೆ ಹೇಳಿರಲಿಲ್ಲ. ಅತ್ತೆಗೂ ನನಗೂ ಗೊತ್ತಿತ್ತು. ಅವಳಿಗೆ ಇಪ್ಪತ್ತನಾಲ್ಕು. ಶಾಲೆಗೆ ಸೇರುವ ವಯಸ್ಸಿನ ಮಿತಿ ಇಪ್ಪತ್ತೈದು.

"ಅಣ್ಣನ ಜಾಗ ಖಾಲಿ ಆಗ್ಲಿ ಅಂತ ಕಾಯ್ತಿದ್ದೆಯಾ?"

ಅತ್ತೆ ಸೌಟನ್ನು ಪಾತ್ರೆಯೊಳಗೆ ಬಿಟ್ಟುಬಿಟ್ಟರು. "ಮೂವತ್ತನಾಲ್ಕು ವರ್ಷ ಬ್ರೇಕ್ ಹಿಡಿದೋರು ನೀವು. ನಾಲಿಗೆಗೂ ಸ್ವಲ್ಪ ಹಿಡೀರಿ."

"ಅರ್ಜಿ ತುಂಬಿದ್ದೇ ಅಣ್ಣ," ಎಂದಳು ಚೂಟಿ. ಅವಳ ದನಿ ಏರಲಿಲ್ಲ. "ನನ್ನ ಅಕ್ಷರ ಕೋಳಿ ಕೆದರಿದ ಹಾಗಿದೆ ಅಂತ ಅವನೇ ಕೂತು ಬರೆದ. ನಾನೇನು ಈಗ ಬಾಯಿಬಿಟ್ಟು ಕೇಳಿದ್ನಾ?"

"ಕೇಳಬೇಡ. ಹ್ಯಾಂಡಲ್ ಈ ಮೇಜು ಬಿಟ್ಟು ಹೋಗಲ್ಲ. ಅವರ ಸಾಲದ ರೈಲಿಗೆ ಈ ಮನೆಯಿಂದ ಒಬ್ಬ ಹೋಗಿದ್ದು ಸಾಕು."

"ಅಣ್ಣ ಹೋಗಿದ್ದು ಜ್ವರದಲ್ಲಿ, ಅಪ್ಪ. ರೈಲಲ್ಲಲ್ಲ."

ಅವಳು ತಟ್ಟೆ ಎತ್ತಿಕೊಂಡು ಅಡುಗೆಮನೆಗೆ ಹೋದಳು. ಉಳಿದದ್ದನ್ನು ನಿಂತುಕೊಂಡೇ ಉಂಡಳು. ಮರುದಿನವೂ ಹಾಗೇ. ಅದರ ಮರುದಿನವೂ ಹಾಗೇ.

ಅತ್ತೆ ಸಮವಸ್ತ್ರಗಳನ್ನು ಒಗೆದು ಇಸ್ತ್ರಿ ಮಾಡಿದರು. ಕೈಗವಸುಗಳ ಒಂದೊಂದು ಬೆರಳನ್ನೂ ಬಿಡಿಸಿ ನೆರಳಿನಲ್ಲಿ ಒಣಹಾಕಿದರು. ನಾನು ಅವನ್ನೆಲ್ಲ ಶಾಲೆಯ ಕಚೇರಿಗೆ ಕೊಟ್ಟು ಬಂದೆ. ಗುಮಾಸ್ತ ಪಟ್ಟಿಯಲ್ಲಿ ನಾಲ್ಕು ಗುರುತು ಹಾಕಿ ಐದನೆಯದರ ಮೇಲೆ ಪೆನ್ನು ಇಟ್ಟುಕೊಂಡು ನನ್ನ ಮುಖ ನೋಡಿದ. "ಅದು ಆಮೇಲೆ," ಎಂದೆ.

ಮನೆಯಲ್ಲಿ ಕೆಲಸಗಳು ತಮ್ಮ ಪಾಡಿಗೆ ನಡೆದವು. ಬಟ್ಟೆ, ಪಾತ್ರೆ, ತರಕಾರಿ. ಬೇಳೆಗೆ ಅತ್ತೆ ಎರಡು ಸಲ ಉಪ್ಪು ಹಾಕಿದರು, ನಾವು ಹಾಗೇ ಉಂಡೆವು. ಊಟವಾದ ಮೇಲೆ ಮಾವ ಹ್ಯಾಂಡಲ್ ಮುಂದೆ ಕೂರುವುದು ರೂಢಿಯಾಯಿತು. ಮೊದಮೊದಲು ಬರೀ ಕೈ ಇಡುತ್ತಿದ್ದರು. ಆಮೇಲೆ ದೂಡತೊಡಗಿದರು. ಅವರ ಹಳೆಯ ಎಂಜಿನ್ನಿನಲ್ಲಿ ತಡೆ ಬಲಗೈಯದು. ಎಡಗೈ ಮಾತು ಕೇಳುತ್ತಿರಲಿಲ್ಲ.

ಒಂದು ಸಂಜೆ ಕಣ್ಣು ಮುಚ್ಚಿ ಮೆಲ್ಲಗೆ ಎಣಿಸುತ್ತ ದೂಡಿ, "ಎಂಟು," ಎಂದರು.

"ಏಳು," ಎಂದಿತು ಅಡುಗೆಮನೆ.

ಮಾವ ಕಣ್ಣು ಬಿಟ್ಟು ನೋಡಿದರು. ಏಳು. ವಾಪಸು ಎಳೆದು ಮತ್ತೆ ದೂಡಿದರು, ಈ ಸಲ ಅವಸರದಲ್ಲಿ.

"ಮೂರು. ಅಲ್ಲ, ನಾಲ್ಕು. ನಾಲ್ಕರಲ್ಲಿ ಸದ್ದು ಮೊಂಡು."

ನಾಲ್ಕೇ. ಚೂಟಿ ನಮ್ಮತ್ತ ಬೆನ್ನು ಮಾಡಿ ಪಾತ್ರೆ ಉಜ್ಜುತ್ತಿದ್ದಳು. ಎರಡು ತಿಂಗಳು ಅಣ್ಣನ ಪಕ್ಕದಲ್ಲಿ ಉಂಡು ಕಿವಿಯಲ್ಲೇ ಕಲಿತಿದ್ದಳು. ಮಾವ ಎದ್ದು ವರಾಂಡಕ್ಕೆ ಹೋದರು.

ಮೂರನೆಯ ವಾರ, ಭಾನುವಾರ ಮಧ್ಯಾಹ್ನ, ಮೇಷ್ಟ್ರು ಮನೆಗೆ ಬಂದರು. ಬಾಗಿಲಲ್ಲಿ ಬೂಟು ಬಿಚ್ಚಿ, ಎರಡರ ಮೂತಿಯನ್ನೂ ಹೊರಕ್ಕೆ ತಿರುಗಿಸಿ, ಸಮ ಮಾಡಿ ಇಟ್ಟರು. "ಹೀಗೆ ಇಡಿ ಅಂತ ನಿಮ್ಮ ಮಾವನಿಗೆ ಇಷ್ಟು ವರ್ಷದಿಂದ ಬಡ್ಕೋತಿದ್ದೀನಿ," ಎಂದು ಅತ್ತೆ ನನ್ನ ಕಿವಿಯಲ್ಲಿ ಅಂದರು. ಮೇಷ್ಟ್ರು ತಂದ ಹಣ್ಣಿನ ಚೀಲವನ್ನು ಎರಡೂ ಕೈಯಲ್ಲಿ ಹಿಡಿದು ಅತ್ತೆಗೆ ಕೊಟ್ಟು, ಗಂಡನ ಫೋಟೋ ಮುಂದೆ ಸ್ವಲ್ಪ ಹೊತ್ತು ನಿಂತರು. ಕುಳ್ಳು ಮನುಷ್ಯ. ಬಿಸಿಲಿಗೆ ಕತ್ತು ಕೆಂಪಾಗಿತ್ತು. ನಮ್ಮ ಭಾಷೆಯಲ್ಲಿ ಅವರಿಗೆ ಬರುವುದು ಆ ಮೂವತ್ತು ಕೂಗು, ಜೊತೆಗೆ ಹತ್ತಿಪ್ಪತ್ತು ಮಾತು. ಉಳಿದದ್ದಕ್ಕೆ ನಾನು.

ಮಾವ ಕೂತಲ್ಲಿಂದ ಏಳಲಿಲ್ಲ. "ಕೇಳು ಅವರನ್ನ," ಎಂದರು ನನಗೆ. "ಸಾಲ ಕೊಡೋರೂ ಅವರೇ, ಆ ದುಡ್ಡಲ್ಲಿ ಗಾಡಿ ಮಾರೋರೂ ಅವರೇ, ಓಡ್ಸೋದು ಹೇಗೆ ಅಂತ ಕಲಿಸೋರೂ ಅವರೇ. ಒಂದು ತಿರುಪು ಬಿದ್ರೂ ಹಡಗಲ್ಲಿ ಬರಬೇಕು. ನಲವತ್ತು ವರ್ಷದ ಸಾಲ. ಇದರಲ್ಲಿ ನಮ್ಮದು ಅಂತ ಏನಿದೆ?"

ನಾನು ಒಂದು ಮಾತೂ ಬಿಡದೆ ಹೇಳಿದೆ. ಮೇಷ್ಟ್ರು ಚಹಾದ ಲೋಟ ಕೆಳಗಿಟ್ಟರು.

"ನಿಮ್ಮ ಪ್ರಶ್ನೆ ಸರಿಯಾದದ್ದು. ನಾನು ಹುಡುಗನಾಗಿದ್ದಾಗ ನಮ್ಮ ಊರಿಗೆ ಬಂದ ರೈಲೂ ಪರದೇಶದ ಸಾಲದ್ದೇ. ನನ್ನ ತಂದೆ ಇದೇ ಪ್ರಶ್ನೆ ಕೇಳುತ್ತಿದ್ದರು, ಇದಕ್ಕಿಂತ ಕೆಟ್ಟ ಮಾತಿನಲ್ಲಿ."

"ಆ ಸಾಲ ತೀರಿತಾ?"

"ತೀರಿತು. ಆಗ ನನಗೆ ತಲೆ ನರೆತಿತ್ತು."

"ಅವರ ತಂದೆ ನೋಡಿದ್ರಾ?"

"ಇಲ್ಲ."

ಮಾವ ತಲೆಯಾಡಿಸಿದರು. ಸುಳ್ಳು ಹೇಳಲಿಲ್ಲವಲ್ಲ ಎಂಬಂತಿತ್ತು ಅದು.

ಮೇಷ್ಟ್ರು ಮುಂದುವರಿಸಿದರು. "ನಿಮ್ಮದು ಏನು ಅಂತ ಕೇಳಿದಿರಿ. ನಮ್ಮ ಕಡೆಯ ಹತ್ತು ಚಾಲಕರು ಇಲ್ಲಿದ್ದಾರೆ. ಅವರ ಸಂಬಳವೂ ನಿಮ್ಮ ಸಾಲದಿಂದಲೇ. ನಿಮ್ಮವರು ಒಬ್ಬರು ತಯಾರಾದರೆ ನಮ್ಮವನೊಬ್ಬ ಮನೆಗೆ ಹೋಗುತ್ತಾನೆ. ಎಲ್ಲರಿಗಿಂತ ಕೊನೆಗೆ ಹೋಗಬೇಕಾದವನು ನಾನು. ನನ್ನ ಹೆಂಡತಿ ವಾರವಾರವೂ ಕೇಳುತ್ತಾಳೆ, ಇನ್ನೂ ಎಷ್ಟು ಜನ ಅಂತ."

"ಪಾಪ," ಎಂದರು ಅತ್ತೆ. ಅದನ್ನು ನಾನು ಅನುವಾದಿಸಲಿಲ್ಲ, ಆದರೂ ಅವರಿಗೆ ಅರ್ಥವಾದಂತೆ ಕಂಡಿತು.

ಅವರು ಹ್ಯಾಂಡಲನ್ನು ಆಗಲೇ ನೋಡಿದ್ದರು. ಅದರ ವಿಷಯ ಎತ್ತಲಿಲ್ಲ. ಹೊರಡುವಾಗ ಮಾತ್ರ ಮೇಜಿನ ಹತ್ತಿರ ಬಗ್ಗಿ, ಪಟ್ಟಿಯ ತಿರುಪನ್ನು ಬೆರಳಲ್ಲಿ ಮುಟ್ಟಿ, "ಸಡಿಲ," ಎಂದರು ನಮ್ಮ ಭಾಷೆಯಲ್ಲೇ. ಅರ್ಧ ಸುತ್ತು ಬಿಗಿದರು. ಆಮೇಲೆ ನನ್ನತ್ತ ತಿರುಗಿ, "ಸಡಿಲ ಇದ್ದರೆ ಕೈ ಸುಳ್ಳು ಕಲಿಯುತ್ತದೆ ಎಂದು ಹೇಳಿ," ಎಂದರು. ಮೇಜಿನ ಮೇಲೆ ನಾಲ್ಕು ಪಾಸು ಇಟ್ಟರು. ಶನಿವಾರ ಪರೀಕ್ಷೆಯ ಓಟ, ಕೆಲಸಗಾರರ ಮನೆಯವರಿಗೆ ಮಾತ್ರ.

ಬಂದರಿನಲ್ಲಿ ಅತ್ತೆಯ ಅಕ್ಕ ಇದ್ದಾರೆ. ಹಳೆಯ ಲೈನು ನಿಂತ ಮೇಲೆ ಅಲ್ಲಿಗೆ ಬಸ್ಸಿನಲ್ಲಿ ನಾಲ್ಕು ಗಂಟೆ, ನಡುವೆ ಎರಡು ಕಡೆ ಇಳಿದು ಹತ್ತಬೇಕು. ಅತ್ತೆಯ ಮೊಣಕಾಲಿಗೆ ಅದು ಆಗುವುದಿಲ್ಲ. ಎರಡು ವರ್ಷದಿಂದ ಅಕ್ಕತಂಗಿಯರು ಫೋನಿನಲ್ಲೇ ಜಗಳವಾಡುತ್ತಿದ್ದರು.

"ನಾನಂತೂ ಹೋಗ್ತೀನಿ," ಎಂದರು ಅತ್ತೆ. "ಮಗ ಓಡಿಸಬೇಕಿದ್ದ ರೈಲು. ಅವನಿಲ್ಲ ಅಂತ ರೈಲಿನ ಮೇಲೆ ಮುನಿಸಾ?"

ಮಾವ ಪಾಸುಗಳನ್ನು ಶುಕ್ರವಾರದ ತನಕ ಮೇಜಿನ ಮೇಲೇ ಬಿಟ್ಟರು. ಶುಕ್ರವಾರ, "ಥರ್ಮಾಸ್ ಎಲ್ಲಿದೆ?" ಎಂದರು.

"ಯಾಕೆ?"

"ಚಹಾ ತಗೊಂಡು ಹೋಗೋಣ. ಅವರ ಬ್ರೇಕು ಎಂಥದ್ದು ನೋಡೇಬಿಡ್ತೀನಿ."

ನಿಲ್ದಾಣದ ನೆಲದಲ್ಲಿ ಮುಖ ಕಾಣುತ್ತಿತ್ತು. ಮೆಟ್ಟಿಲಿನ ಪಕ್ಕದಲ್ಲೇ ಇಳಿಜಾರು ದಾರಿ. ಅತ್ತೆ ಮೊಣಕಾಲು ಹಿಡಿಯದೆ ಮೇಲೆ ಬಂದರು. ಗಾರೆ ಕೆಲಸದವನೊಬ್ಬ ಹೆಂಡತಿಗೆ ಪ್ಲಾಟ್‌ಫಾರ್ಮಿನ ಟೈಲ್ಸ್ ತೋರಿಸುತ್ತಿದ್ದ. "ಈ ಕಂಬದಿಂದ ಆ ಕಂಬದ ತನಕ ನಂದು. ತುಳಿದು ನೋಡು, ಒಂದಾದ್ರೂ ಟೊಳ್ಳು ಅನ್ನುತ್ತಾ?" ಅವಳು ಒಂದೊಂದನ್ನೇ ತುಳಿದು ನೋಡುತ್ತಿದ್ದಳು. ಹೇಳಿದ ನಿಮಿಷಕ್ಕೆ ಗಾಡಿ ಬಂತು. ಬಾಗಿಲು ತೆರೆದಾಗ ಬೋಗಿಗೂ ಪ್ಲಾಟ್‌ಫಾರ್ಮಿಗೂ ನಡುವೆ ನನ್ನ ಮೂರು ಬೆರಳಿನ ಸಂದಿತ್ತು, ಅಷ್ಟೇ. ಇದನ್ನೆಲ್ಲ ಗಂಡ ಹೇಳಿದ್ದರು. ಹೇಳಿದ್ದೆಲ್ಲ ನಿಜವಾಗಿತ್ತು.

ಮೊದಲ ಬೋಗಿಯಲ್ಲಿ ಚಾಲಕನ ಹಿಂದೆ ಗಾಜಿದೆ. ಮಾವ ಅಲ್ಲೇ ಕೂತರು. ಒಳಗೆ ಬಿಳಿ ಕೈಗವಸು ಹಾಕಿಕೊಂಡು ಕೂತಿದ್ದವನು ಗಂಡನ ಜೊತೆಯವನು. ಶಾಲೆಯಲ್ಲಿ ಅವನನ್ನು ಕಡ್ಡಿ ಎಂದು ಕರೆಯುತ್ತಿದ್ದರಂತೆ. ಅವನ ಹಿಂದೆ ಮೇಷ್ಟ್ರು ನಿಂತಿದ್ದರು. ಮಾವ ಲೋಟಕ್ಕೆ ಅಂಚಿನ ತನಕ ಚಹಾ ತುಂಬಿಸಿ ಕಿಟಕಿಯ ಹಲಗೆಯ ಮೇಲಿಟ್ಟು, ಎರಡೂ ಕೈ ತೊಡೆಯ ಮೇಲೆ ಇಟ್ಟುಕೊಂಡರು.

ಮೊದಲ ನಿಲ್ದಾಣ. ಚಹಾ ನಡುಗಲಿಲ್ಲ.

"ಇದು ಸಮನೆಲ," ಎಂದರು ಮಾವ.

ಎರಡನೆಯದು ಇಳಿಜಾರಿನಲ್ಲಿ. ಚಹಾ ಲೋಟದ ಅಂಚಿಗೆ ಬಂದು, ನಿಂತು, ಹಿಂದೆ ಹೋಯಿತು.

"ಅಪ್ಪ, ಬಿಸಿ ಇರೋವಾಗ್ಲೇ ಕುಡಿದುಬಿಡಿ," ಎಂದಳು ಚೂಟಿ. ಕಚ್ಚಿನ ಎಣಿಕೆ ಬಿಟ್ಟರೆ, ಎರಡು ವಾರದ ಮೇಲೆ ಅವಳು ಅಪ್ಪನಿಗೆ ತಾನಾಗಿ ಆಡಿದ ಮೊದಲ ಮಾತು.

"ಸುಮ್ನಿರು. ಇನ್ನೂ ನಾಲ್ಕು ಸ್ಟೇಷನ್ ಇದೆ."

ಆಗ ಗಾಜಿನಾಚೆ ಕಡ್ಡಿಯ ಕೈ ಮೇಲೆದ್ದಿತು. ಮುಂದಿನ ಸಿಗ್ನಲಿನತ್ತ ಬೆರಳು ಚಾಚಿ ಅವನು, "ದಾರಿ ಇದೆ," ಎಂದ. ಗಟ್ಟಿಯಾಗಿ, ಗಾಜು ದಾಟಿ ಕೇಳಿಸುವಷ್ಟು. ಸ್ವಲ್ಪ ದೂರ ಹೋದ ಮೇಲೆ, "ಮೆಲ್ಲಗೆ ನಲವತ್ತು." ಸೇತುವೆ ದಾಟಿತು. ನಿಲ್ದಾಣ ಬಂತು. "ನಿಂತೆ."

ಮಾವ ಲೋಟ ನೋಡುವುದನ್ನು ಮರೆತಿದ್ದರು.

"ಅದು ನಮ್ಮ ಮಾತು," ಎಂದರು.

"ಹೌದು, ಮಾವ. ಕೈಪಿಡಿಯ ಹನ್ನೆರಡನೆಯ ಪುಟ."

"ಹುಡುಗ ನನ್ನನ್ನ ನೋಡೇ ಇಲ್ಲ."

"ಇಲ್ಲ."

ಉಳಿದ ದಾರಿಯುದ್ದಕ್ಕೂ ಅವರು ಗಾಜಿಗೆ ಕಿವಿ ಹತ್ತಿರ ಮಾಡಿಕೊಂಡು ಕೂತರು. ಚಹಾ ಆರಿತು. ತುಳುಕಲಿಲ್ಲ.

ಬಂದರಿಗೆ ನಲವತ್ತೆಂಟು ನಿಮಿಷ. ಅಕ್ಕ ಪ್ಲಾಟ್‌ಫಾರ್ಮಿನಲ್ಲಿ ನಿಂತಿದ್ದರು. ಅತ್ತೆ ಇಳಿದ ಕೂಡಲೇ ಇಬ್ಬರೂ ಕೈಹಿಡಿದುಕೊಂಡು ಅತ್ತು, ಕಣ್ಣು ಒರೆಸಿಕೊಳ್ಳುತ್ತಲೇ ಯಾರು ಹೆಚ್ಚು ಬಡಕಲಾಗಿದ್ದಾರೆ ಎಂದು ಜಗಳ ತೆಗೆದರು. ಅಲ್ಲಿ ಚಾಲಕ ಬದಲಾಗುತ್ತಾನೆ. ಕಡ್ಡಿ ಇಳಿದು ನಿಂತ, ಇನ್ನೊಬ್ಬ ಅವನ ಎದುರು ನಿಂತ. ಕಡ್ಡಿ ಜೇಬಿನಿಂದ ಚೀಟಿ ತೆಗೆದ. ನನ್ನ ಒಂದೂವರೆ ಸಾಲು.

"ಗಾಡಿಯಲ್ಲಿ ಯಾವುದೇ ಅಸಹಜತೆ ಕಂಡುಬಂದಿರುವುದಿಲ್ಲವೆಂದು ದೃಢಪಡಿಸುತ್ತಾ, ಸದರಿ ಗಾಡಿಯ..." ಅಲ್ಲಿ ತಡವರಿಸಿ ಮೊದಲಿನಿಂದ ಶುರುಮಾಡಿದ. ಹತ್ತಬೇಕಾದವನು ಒಂದು ಕೈ ಬಾಗಿಲ ಕಂಬಿಯ ಮೇಲಿಟ್ಟು ಆಕಾಶ ನೋಡುತ್ತಿದ್ದ. ಮೇಷ್ಟ್ರು ಗಡಿಯಾರ ನೋಡಿದರು.

"ಇವನೇನು ಕೋರ್ಟಿನ ಕಾಗದ ಓದ್ತಿದ್ದಾನಾ?" ಎಂದರು ಮಾವ.

"ನಾನು ಬರೆದದ್ದು, ಮಾವ. ಬೇರೆ ಮಾತು ಸಿಗಲಿಲ್ಲ."

ಅವರು ನನ್ನ ಮುಖ ನೋಡಿದರು.

ವಾಪಸು ಬರುವಾಗ ಮಾವ ಕಿಟಕಿಯ ಪಕ್ಕ ಕೂತರು. ಅರ್ಧ ದಾರಿಯಲ್ಲಿ ಕಿಟಕಿಯಾಚೆ ಹಳೆಯ ಲೈನಿನ ದಿಬ್ಬ ಕಂಡಿತು. ಹಳಿ ತೆಗೆದ ಮೇಲೆ ಅಲ್ಲಿ ಹುಲ್ಲು ಬೆಳೆದಿದೆ.

"ಕೊನೇ ದಿನ," ಎಂದರು, ಕಿಟಕಿಗೆ ಹೇಳುವಂತೆ. "ಗಾಡೀನ ಯಾರ್ಡಿಗೆ ತಂದು ನಿಲ್ಲಿಸಿದೆ. ಕೆಳಗಿಳಿದೆ. ಹತ್ತೋಕೆ ಯಾರೂ ಇರ್ಲಿಲ್ಲ. ಮಾತು ಬಾಯಲ್ಲೇ ಉಳೀತು."

"ಯಾವ ಮಾತು, ಅಪ್ಪ?" ಎಂದಳು ಚೂಟಿ.

"ಇಳಿಯೋನು 'ಗಾಡಿ ನಿಂದು' ಅನ್ನಬೇಕು. ಹತ್ತೋನು 'ಗಾಡಿ ನಂದು' ಅನ್ನಬೇಕು. ಅಷ್ಟೇ. ಅವನು ಹಾಗೆ ಅನ್ನೋ ತನಕ ಇಳಿದೋನು ಅಲ್ಲಿಂದ ಕದಲೋ ಹಾಗಿಲ್ಲ. ಮಳೆ ಬರ್ಲಿ, ಮನೇಲಿ ಹೆಂಡ್ತಿಗೆ ಹೆರಿಗೆ ಆಗ್ತಿರ್ಲಿ. ನಿಲ್ಲಬೇಕು."

ಅತ್ತೆ, "ಇವಳು ಹುಟ್ಟಿದಾಗ ಅದಕ್ಕೇ ತಡವಾಗಿ ಬಂದದ್ದು," ಎಂದರು.

ಮಾವ ನಗಲಿಲ್ಲ. "ಮೂರು ಸಲ ಕೇಳಿದ ಅವನು. ಎರಡು ಮಾತು. ಕೊಡ್ಲಿಲ್ಲ ನಾನು."

ಅತ್ತೆ ಲೋಟ ಖಾಲಿ ಮಾಡಿ ಥರ್ಮಾಸಿನಿಂದ ಬಿಸಿ ಚಹಾ ಹಾಕಿ ಅವರ ಕೈಗೆ ಕೊಟ್ಟರು. ಅವರು ಕುಡಿದರು. ಗಾಡಿ ನಿಂತಾಗ ಅವರ ಕೈಯೇ ನಡುಗಿ ಎರಡು ಹನಿ ಅಂಗಿಯ ಮೇಲೆ ಬಿತ್ತು.

"ಇದು ಬ್ರೇಕಿನ ತಪ್ಪಲ್ಲ," ಎಂದರು.

ಮರುದಿನ ಬೆಳಿಗ್ಗೆ ತಿಂಡಿಯ ಹೊತ್ತಿಗೆ ಮಾವ ತಮ್ಮ ಹಳೆಯ ಜಾಗದಲ್ಲಿ ಕೂತರು. ಗಂಡನ ಜಾಗವನ್ನು ಚೂಟಿಗೆ ತೋರಿಸಿ, "ಕೂತ್ಕೋ," ಎಂದರು. ಅವಳು ಬ್ರೆಡ್ಡಿನ ತಟ್ಟೆ ಹಿಡಿದು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು.

"ಕೂತ್ಕೋ ಅಂದೆ. ಕಣ್ಣು ಮುಚ್ಚು. ಎಡಗೈ."

ಅವಳು ಕೂತಳು.

"ಐದು."

ಟಕ್ ಟಕ್ ಟಕ್ ಟಕ್ ಟಕ್.

"ಎರಡಕ್ಕೆ ಬಾ. ಏಳು. ಮೆಲ್ಲಗೆ, ಒಳಗೆ ಜನ ಇದ್ದಾರೆ. ಈಗ ಎಂಟು."

ಅವಳ ಕಣ್ಣು ಮುಚ್ಚಿಯೇ ಇತ್ತು. ರೆಪ್ಪೆಯ ಕೆಳಗೆ ಒದ್ದೆಯಾಗಿತ್ತು. ಕೈ ಒಂದು ಸಲವೂ ತಪ್ಪಲಿಲ್ಲ.

"ಅಣ್ಣನಿಗಿಂತ ಪರವಾಗಿಲ್ಲ," ಎಂದರು ಮಾವ. ಆಮೇಲೆ, "ಪತ್ರ ಬಂದ ದಿನ ಆಡಿದ ಮಾತು ಆಡಬಾರದಿತ್ತು. ಸ್ಪಾನರ್ ತಗೊಂಡು ಬಾ."

ಅಪ್ಪ ಮಗಳು ಇಬ್ಬರೂ ಸೇರಿ ಬಿಚ್ಚಿದರು. ಮೇಜಿನ ಅಂಚಿನಲ್ಲಿ ನಾಲ್ಕು ಗುಳಿ ಉಳಿದವು. ಅತ್ತೆ ಅವನ್ನು ಬಟ್ಟೆಯಿಂದ ಒರೆಸಿ, "ಒಳ್ಳೇ ಮೇಜು, ಹಾಳಾಯ್ತು," ಎಂದು ಇನ್ನೊಂದು ಸಲ ಒರೆಸಿದರು.

ಚೂಟಿ ತಾನೂ ಬರುತ್ತೇನೆಂದಳು.

"ಬೇಡ," ಎಂದೆ. "ಇದು ಅವರ ಹೆಸರಲ್ಲಿದೆ. ನಾನು ಕೊಟ್ಟು ಬರ್ತೀನಿ. ನೀನು ನಾಳೆ ನಿನ್ನ ಹೆಸರಲ್ಲಿ ಹೋಗು."

ಟವೆಲಿನಲ್ಲಿ ಸುತ್ತಿ ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಹೋದೆ. ಭಾರವಿತ್ತು. ಪಕ್ಕದಲ್ಲಿ ಕೂತ ಹೆಂಗಸು, "ಮಗುನಾ?" ಎಂದು ಬಗ್ಗಿ ನೋಡಿ, ಕಬ್ಬಿಣ ಕಂಡು ಕಿಟಕಿಯ ಕಡೆ ತಿರುಗಿದಳು.

ಭಾನುವಾರವಾದರೂ ಮೇಷ್ಟ್ರು ಶಾಲೆಯ ಹಿಂದಿನ ಶೆಡ್ಡಿನಲ್ಲಿದ್ದರು. ಹ್ಯಾಂಡಲನ್ನು ಅವರ ಮೇಜಿನ ಮೇಲಿಟ್ಟೆ. ಅವರು ಒಂದರಿಂದ ಎಂಟರ ತನಕ ದೂಡಿ ನೋಡಿ, ನಾಲ್ಕರಲ್ಲಿ ಒಂದು ಕ್ಷಣ ನಿಂತು, "ಇದು ಮೊದಲಿಂದಲೂ ಹೀಗೇ," ಎಂದರು. ಪುಸ್ತಕ ತೆರೆದರು. ಗಂಡನ ಸಹಿ ಇತ್ತು. ಅದರ ಎದುರು ತಾರೀಖು ಬರೆದು ನನ್ನಿಂದ ಸಹಿ ಹಾಕಿಸಿಕೊಂಡರು.

ನಾನು ಚೀಟಿ ಕೊಟ್ಟೆ. "ಮೂವತ್ತೊಂದನೆಯದು. ಮಾವ ಕೊಟ್ಟರು."

ಅವರು ಕನ್ನಡಕ ಹಾಕಿಕೊಂಡು ಓದಿದರು. ಅರ್ಥ ಕೇಳಿದರು. ಉತ್ತರ ಬರುವ ತನಕ ಇಳಿದವನು ಹೋಗುವಂತಿಲ್ಲ ಎಂಬುದನ್ನೂ ಹೇಳಿದೆ. ಅವರು ಗಡಿಯಾರವನ್ನು ಜೇಬಿನಿಂದ ತೆಗೆಯದೆ ಎದ್ದು ನಿಂತರು. ಟೊಪ್ಪಿ ಸರಿಮಾಡಿಕೊಂಡರು.

"ನೀವು ಹೇಳಿ," ಎಂದರು.

ಹಿರಿಯರನ್ನು ನಾನು ಎಂದೂ ಏಕವಚನದಲ್ಲಿ ಮಾತಾಡಿಸಿದವಳಲ್ಲ. ಆದರೆ ಕೂಗು ಎಂದರೆ ಕೂಗು. ಹ್ಯಾಂಡಲಿನತ್ತ ಬೆರಳು ಚಾಚಿದೆ.

"ಗಾಡಿ ನಿಂದು."

ಅವರ ಬೆರಳೂ ಮೇಲೆದ್ದಿತು. ಚೀಟಿಯನ್ನು ಇನ್ನೊಂದು ಸಲ ನೋಡಿಕೊಂಡರು. ನಾನು ಕಾದೆ.

"ಗಾಡಿ ನಂದು," ಎಂದರು.

ಆಮೇಲೆ ನಾನು ಅಲ್ಲಿಂದ ಹೊರಟೆ.